ಊರಿನ ದೀಪ ಹಿಡಿಯಲು ಎಲ್ಲಿ, ಎಷ್ಟೊತ್ತಿಗೆ ನಿಲ್ಲಬೇಕು?

ದಸರಾ ಸಮಯದಲ್ಲಿ ಮೊದಲ ಸಲ ಕ್ಯಾಮೆರಾ ಹೊತ್ತು ಚಾಮುಂಡಿ ಬೆಟ್ಟಕ್ಕೆ ಹೋಗಿದ್ದೆ. ವ್ಯೂ ಪಾಯಿಂಟ್ ತಲುಪಿದಾಗ ಏಳೂವರೆ. ಕೆಳಗೆ ಇಡೀ ಮೈಸೂರು ಜಗಮಗ. ಖುಷಿಯಲ್ಲಿ ಒಂದೇ ಸಮನೆ ನಲವತ್ತು ಫೋಟೊ ಹೊಡೆದೆ. ಮನೆಗೆ ಬಂದು ನೋಡಿದರೆ ಎಲ್ಲದರಲ್ಲೂ ಒಂದೇ ಕಥೆ. ಮೇಲೆ ಇದ್ದಿಲಿನಂಥ ಆಕಾಶ, ಕೆಳಗೆ ಚುಕ್ಕಿ ಚುಕ್ಕಿ ಬೆಳಕು, ನಡುವೆ ತುಪ್ಪ ಚೆಲ್ಲಿದ ಹಾಗೆ ಒಂದು ಹಳದಿ ಕಲೆ. ಆ ಕಲೆಯೇ ಅರಮನೆ!

ಜಾಗ ಸರಿಯಾಗಿತ್ತು, ಹೊತ್ತು ತಪ್ಪಿತ್ತು. ಇದು ಅರ್ಥವಾಗಲು ಇನ್ನೂ ನಾಲ್ಕೈದು ಸಲ ಬೆಟ್ಟ ಹತ್ತಬೇಕಾಯಿತು. ನಿಮಗೆ ಆ ಪೆಟ್ರೋಲ್ ಉಳಿಯಲಿ.

ಮೊದಲು ಮ್ಯಾಪ್ ತೆಗೆಯಿರಿ

ಕ್ಯಾಮೆರಾ ಮುಟ್ಟುವ ಮುಂಚೆ ಒಂದು ಪ್ರಶ್ನೆ: ಚಿತ್ರದಲ್ಲಿ ಯಾವುದು ಕಾಣಬೇಕು? 'ಇಡೀ ಊರು' ಅಂದರೆ ಆಗುವುದಿಲ್ಲ. ಕಣ್ಣು ನಿಲ್ಲಲು ಏನಾದರೂ ಒಂದು ಬೇಕು. ಮೈಸೂರಿನಲ್ಲಿ ಗಗನಚುಂಬಿಗಳ ಸಾಲಿಲ್ಲ. ಇಲ್ಲಿ ಕಣ್ಣು ನಿಲ್ಲುವುದು ಅರಮನೆಯ ಮೇಲೆ, ಸಂತ ಫಿಲೋಮಿನಾ ಚರ್ಚಿನ 175 ಅಡಿ ಎತ್ತರದ ಅವಳಿ ಗೋಪುರದ ಮೇಲೆ, ಇಲ್ಲವೇ ಬೆಳ್ಳಗೆ ಹೊಳೆಯುವ ಲಲಿತಮಹಲ್ ಮೇಲೆ. ಒಂದನ್ನು ಆರಿಸಿಕೊಳ್ಳಿ.

ಆಮೇಲೆ ಮ್ಯಾಪಿನಲ್ಲಿ ಅದರ ಸುತ್ತ ಬೆರಳಾಡಿಸಿ. ಹುಡುಕಬೇಕಾದದ್ದು ಎತ್ತರದ ಜಾಗ, ಇಲ್ಲವೇ ಮುಂದೆ ಏನೂ ಅಡ್ಡ ಬರದ ಬಯಲು ಅಥವಾ ನೀರು. ಗುಡ್ಡ, ಮೇಲ್ಸೇತುವೆ, ಕೆರೆ ಏರಿ, ಗೆಳೆಯನ ಮನೆಯ ತಾರಸಿ, ಯಾವುದಾದರೂ ಸರಿ. ಮೈಸೂರಿನ ಪುಣ್ಯಕ್ಕೆ ಎತ್ತರವೂ ಇದೆ, ಬಯಲೂ ಇದೆ. ಊರಿಗಿಂತ ಇನ್ನೂರೈವತ್ತು ಮೀಟರಿಗೂ ಜಾಸ್ತಿ ಎತ್ತರಕ್ಕೆ ನಿಂತ ಬೆಟ್ಟ, ಅದಕ್ಕೂ ಅರಮನೆಗೂ ಮಧ್ಯೆ ರೇಸ್ ಕೋರ್ಸ್.

ಈಗ ಬೆಟ್ಟದಿಂದ ಅರಮನೆಗೆ ಒಂದು ನೇರ ಗೆರೆ ಎಳೆಯಿರಿ. ಹೆಚ್ಚುಕಮ್ಮಿ ನಾಲ್ಕು ಕಿಲೋಮೀಟರ್, ದಿಕ್ಕು ಉತ್ತರ, ಸ್ವಲ್ಪ ಪಶ್ಚಿಮಕ್ಕೆ ವಾಲಿದ್ದು. ಈ ಗೆರೆಯಿಂದ ಎರಡು ಸಂಗತಿ ಗೊತ್ತಾಗುತ್ತವೆ. ಒಂದು, ಲೆನ್ಸ್. ಇಷ್ಟು ದೂರದಿಂದ, ದೂರದ್ದನ್ನು ಹತ್ತಿರ ತೋರಿಸುವ 200 ಎಂಎಂ ಲೆನ್ಸ್ ಹಾಕಿದರೂ ಅರಮನೆಯ ಕಟ್ಟಡ ಚಿತ್ರದ ಅಗಲದ ಸುಮಾರು ಹತ್ತನೇ ಒಂದು ಭಾಗ ಅಷ್ಟೇ. ಮೊಬೈಲ್ ಮಾತ್ರ ಇದ್ದರೆ ಅರಮನೆಯ ಆಸೆ ಬಿಟ್ಟು ಊರಿನ ಹರವನ್ನು ಹಿಡಿಯಿರಿ. ಎರಡು, ಸೂರ್ಯ. ಜೂನ್‌ನಲ್ಲಿ ಅವನು ಪಶ್ಚಿಮದಿಂದ ಉತ್ತರಕ್ಕೆ ಸರಿದು ಮುಳುಗುತ್ತಾನೆ, ಹಾಗಾಗಿ ಸಂಜೆಗೆಂಪು ಅರಮನೆಯ ಎಡಕ್ಕೆ ಬರುತ್ತದೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ಸರಿದು, ಆ ಕೆಂಪು ಬಹುಪಾಲು ಚಿತ್ರದ ಹೊರಗೇ ಉಳಿಯುತ್ತದೆ.

ಎರಡು ಗಡಿಯಾರ ಕೂಡಬೇಕು

ರಾತ್ರಿ ಫೋಟೊ ಅಂತೀವಿ, ಆದರೆ ಒಳ್ಳೆಯವು ಹುಟ್ಟುವುದು ರಾತ್ರಿಯಲ್ಲಿ ಅಲ್ಲ. ಸೂರ್ಯ ಮುಳುಗಿ ಹತ್ತು ಹದಿನೈದು ನಿಮಿಷಕ್ಕೆ ಆಕಾಶ ನೀಲಿಗೆ ತಿರುಗುತ್ತದೆ. ಮತ್ತೆ ಇಪ್ಪತ್ತು ನಿಮಿಷ ಕಳೆದರೆ ಕಪ್ಪು. ನಮ್ಮ ಕಡೆ ಸೂರ್ಯ ಹೆಚ್ಚುಕಮ್ಮಿ ನೇರವಾಗಿ ಇಳಿಯುವುದರಿಂದ ಕತ್ತಲೆ ಬೇಗ ಬಂದುಬಿಡುತ್ತದೆ. ಯುರೋಪಿನ ಬೇಸಿಗೆಯ ಹಾಗೆ ನಿಧಾನಕ್ಕೆ ಕಪ್ಪಾಗುವುದಿಲ್ಲ. ಆ ಇಪ್ಪತ್ತು ನಿಮಿಷದಲ್ಲಿ ಆಕಾಶದ ಬೆಳಕೂ ಊರಿನ ದೀಪವೂ ಸಮಸಮ ಇರುತ್ತವೆ. ಕಟ್ಟಡದ ಅಂಚು, ಮರದ ತಲೆ, ದೂರದ ಗುಡ್ಡ ಎಲ್ಲ ಕಾಣುತ್ತವೆ.

ಅರಮನೆಗೆ ಅದರದ್ದೇ ಗಡಿಯಾರ ಇದೆ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳು ಸಾಮಾನ್ಯವಾಗಿ ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ 7ಕ್ಕೆ ಹತ್ತುತ್ತವೆ, ಮುಕ್ಕಾಲು ಗಂಟೆ ಉರಿಯುತ್ತವೆ. ದಸರಾದಲ್ಲಿ ದಿನವೂ ಇರುತ್ತದೆ. ಆದರೆ ಅಕ್ಟೋಬರಿನಲ್ಲಿ ಸೂರ್ಯ ಆರು ಗಂಟೆಯ ಆಸುಪಾಸಿನಲ್ಲೇ ಮುಳುಗುತ್ತಾನೆ. ಏಳಕ್ಕೆ ಆಕಾಶ ಮಸಿ. ನನ್ನ ನಲವತ್ತು ಫೋಟೊ ಹಾಳಾದದ್ದು ಇದಕ್ಕೇ! ಮೇ, ಜೂನ್, ಜುಲೈಯಲ್ಲಿ ಸೂರ್ಯ ಮುಳುಗುವುದು ಹೆಚ್ಚುಕಮ್ಮಿ 6.40ರಿಂದ 6.50ರ ಆಸುಪಾಸಿನಲ್ಲಿ. ಬಲ್ಬು ಹತ್ತುವ ಹೊತ್ತಿಗೆ ಆಕಾಶ ನೀಲಿಯಾಗುತ್ತಿರುತ್ತದೆ. ಎರಡೂ ಗಡಿಯಾರ ಕೂಡುವುದು ಆಗ. ಹಬ್ಬದ ಫೋಟೊಗೆ ಹಬ್ಬವಿಲ್ಲದ ತಿಂಗಳೇ ಒಳ್ಳೆಯದು ಅಂದರೆ ನಗು ಬರುತ್ತೆ ಅಲ್ವಾ?

ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲಿನ ಮೇಲೆ, ಕೆಂಪೇಗೌಡರ ಗೋಪುರದ ಪಕ್ಕ ನಿಂತರೆ ಮರಗಳ ತಲೆಯಾಚೆ ಊರು ಕಾಣುತ್ತದೆ. ಆದರೆ ಉದ್ಯಾನದ ಬಾಗಿಲು ಸಂಜೆ 7ಕ್ಕೆ ಮುಚ್ಚುತ್ತದೆ. ಜೂನ್‌ನಲ್ಲಿ ಹೋದರೆ ನೀಲಿ ಬರುವ ಮೊದಲೇ ಸೀಟಿ ಊದುತ್ತಾರೆ. ನವೆಂಬರ್, ಡಿಸೆಂಬರಿನಲ್ಲಿ ಸೂರ್ಯ ಆರರ ಆಸುಪಾಸಿನಲ್ಲೇ ಇಳಿಯುವುದರಿಂದ, ಫೋಟೊ ಮುಗಿಸಿ ಗೇಟಿಗೆ ನಡೆಯಲೂ ಸಮಯ ಇರುತ್ತದೆ.

ನಿಮ್ಮೂರಲ್ಲೂ ಹೀಗೇ ನೋಡಿ. ದೀಪ ಎಷ್ಟೊತ್ತಿಗೆ ಹತ್ತುತ್ತದೆ, ಗೇಟು ಎಷ್ಟೊತ್ತಿಗೆ ಮುಚ್ಚುತ್ತದೆ, ಸೂರ್ಯ ಯಾವಾಗ ಮುಳುಗುತ್ತಾನೆ. ಮೂರನ್ನೂ ಒಂದೇ ಚೀಟಿಯಲ್ಲಿ ಬರೆದರೆ ಯಾವ ತಿಂಗಳು ಹೋಗಬೇಕು ಅಂತ ತಾನಾಗಿಯೇ ತಿಳಿಯುತ್ತದೆ.

ಹಗಲಲ್ಲಿ ಒಂದು ಸುತ್ತು

ಜಾಗವನ್ನು ಹಗಲಲ್ಲಿ ಒಮ್ಮೆ ನೋಡಿಬನ್ನಿ. ಕತ್ತಲಲ್ಲಿ ಕಾಣದ ತಂತಿ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ. ಹೋದ ವರ್ಷ ಖಾಲಿ ಇದ್ದ ಕಡೆ ಈ ವರ್ಷ ಕೊಂಬೆ ಬೆಳೆದಿರುತ್ತದೆ. ಹತ್ತಿರದಲ್ಲಿ ಬೀದಿದೀಪದ ಕಂಬ ಇದೆಯಾ ನೋಡಿ. ಅದರ ಬೆಳಕು ಪಕ್ಕದಿಂದ ಲೆನ್ಸಿಗೆ ಬಿದ್ದರೆ ಇಡೀ ಚಿತ್ರದ ಮೇಲೆ ಹಾಲು ಚೆಲ್ಲಿದ ಹಾಗೆ ಮಬ್ಬು.

ಬೆಟ್ಟದಲ್ಲಿ ನನ್ನ ಆಯ್ಕೆ ತುದಿಯಲ್ಲ, ಹತ್ತುವ ರಸ್ತೆಯ ವ್ಯೂ ಪಾಯಿಂಟ್. ನಿಲ್ಲಲು ಜಾಗ ಇದೆ, ಊರು ಎದುರಿಗೇ ಇದೆ. ಮೆಟ್ಟಿಲ ದಾರಿಯಲ್ಲಿ ಕತ್ತಲಾದ ಮೇಲೆ ಒಬ್ಬರೇ ನಿಲ್ಲುವ ಸಾಹಸ ಬೇಡ. ಅದು ಮೀಸಲು ಅರಣ್ಯ, ಚಿರತೆಗಳಿವೆ. ರಾತ್ರಿ ವಾಹನ ಬಿಡುವುದಕ್ಕೂ ಹೊತ್ತಿನ ಮಿತಿ ಇರುತ್ತದೆ, ಹತ್ತುವಾಗಲೇ ಕೇಳಿಕೊಳ್ಳಿ. ಟ್ರೈಪಾಡಿಗೆ ಅನುಮತಿ ಬೇಕಾ ಅಂತಲೂ ಮೊದಲೇ ವಿಚಾರಿಸಿ. ಇನ್ನು ಡ್ರೋನ್ ಸುಮ್ನೆ ಮನೆಯಲ್ಲೇ ಇರಲಿ.

ಬೇಸಿಗೆ ಮಳೆ ಬಂದು ನಿಂತ ಸಂಜೆ ಸಿಕ್ಕರೆ ಬೇರೆ ಕೆಲಸ ಬಿಟ್ಟು ಓಡಿ. ಗಾಳಿಯ ದೂಳೆಲ್ಲ ತೊಳೆದು ಹೋಗಿರುತ್ತದೆ. ನಾಲ್ಕು ಕಿಲೋಮೀಟರ್ ದೂರದ ಗುಮ್ಮಟವೂ ಗೀಚಿದ ಹಾಗೆ ಸ್ಪಷ್ಟ.

ಕ್ಯಾಮೆರಾ ಕೆಲಸ

ಇದು ಕಷ್ಟವಲ್ಲ. ಟ್ರೈಪಾಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್8, ಶಟರ್ (ಬೆಳಕು ಒಳಬಿಡುವ ಸಮಯ) ಎರಡರಿಂದ ಹತ್ತು ಸೆಕೆಂಡು. ಎರಡು ಸೆಕೆಂಡಿನ ಟೈಮರ್ ಹಾಕಿ, ಬೆರಳಿನ ಅದುರು ತಪ್ಪುತ್ತದೆ. ಫೋಕಸ್ ಅನ್ನು ಬೆಳಕಿರುವಾಗಲೇ ಅರಮನೆ ಮೇಲೆ ಹಿಡಿದು ಮ್ಯಾನ್ಯುಯಲ್‌ಗೆ ಬದಲಿಸಿ. ಕ್ಯಾಮೆರಾವನ್ನು ಕಂಬಿ ಬೇಲಿಯ ಮೇಲಿಡಬೇಡಿ. ನಾನು ಒಮ್ಮೆ ಕ್ಯಾಮೆರಾವನ್ನು ಟ್ರೈಪಾಡಿಗೆ ಕೂರಿಸುವ ಪ್ಲೇಟ್ ಮರೆತು ಹಾಗೆ ಮಾಡಿದ್ದೆ. ಪಕ್ಕದಲ್ಲಿ ಒಬ್ಬರು ಬಂದು ಒರಗಿದಾಗಲೆಲ್ಲ ಇಡೀ ಮೈಸೂರು ನಡುಗಿತು. ಕೊನೆಗೆ ಹೆಲ್ಮೆಟ್ ತಲೆಕೆಳಗಾಗಿಟ್ಟು, ಒಳಗೆ ಜರ್ಕಿನ್ ತುರುಕಿ, ಅದರ ಮೇಲೆ ಕ್ಯಾಮೆರಾ ಕೂರಿಸಿದೆ. ಗಟ್ಟಿಯಾಗಿ ನಿಂತಿತು. ಮೊಬೈಲಿಗೂ ಇದೇ ಉಪಾಯ ಸಾಕು.

ಬಲ್ಬು ಹತ್ತಿದ ಕೂಡಲೇ ಶಟರ್ ಸಮಯ ಇಳಿಸಿ. ಆಕಾಶಕ್ಕೆ ಬೇಕಾದ ಆರು ಸೆಕೆಂಡು ಅರಮನೆಗೆ ಜಾಸ್ತಿ, ಕಮಾನುಗಳೆಲ್ಲ ಕರಗಿ ಮತ್ತೆ ತುಪ್ಪದ ಕಲೆ. ಒಂದು ಫೋಟೊ ಊರಿಗೆ, ಇನ್ನೊಂದು ಅರಮನೆಗೆ ತೆಗೆದು ಮನೆಯಲ್ಲಿ ಜೋಡಿಸಬಹುದು. ಮೊಬೈಲಿನಲ್ಲಿ ಅತಿ ಬೆಳಕಿರುವ ಕಡೆ ಒತ್ತಿ, ಬೆಳಕು ಕಡಿಮೆ ಮಾಡಿ.

ಮುಕ್ಕಾಲು ಗಂಟೆಯ ನಂತರ ದೀಪ ಆರುತ್ತದೆ. ವ್ಯೂ ಪಾಯಿಂಟಿನಲ್ಲಿ ನಿಂತವರೆಲ್ಲ ಒಟ್ಟಿಗೆ "ಅಯ್ಯೋ" ಅಂದು ಗಾಡಿಗಳತ್ತ ಓಡುತ್ತಾರೆ. ನೀವು ಓಡಬೇಡಿ. ಹತ್ತು ನಿಮಿಷ ಬೆಟ್ಟದ ತಿರುವಿನಲ್ಲಿ ಇಳಿಯುವ ಗಾಡಿಗಳ ಸಾಲು ಇರುತ್ತದೆ. ಕ್ಯಾಮೆರಾ ಆ ಕಡೆ ತಿರುಗಿಸಿ, ಶಟರ್ ಇಪ್ಪತ್ತು ಸೆಕೆಂಡಿಗೆ ಇಡಿ. ಹಿಂದಿನ ದೀಪಗಳೆಲ್ಲ ಸೇರಿ ಊರಿನತ್ತ ಒಂದೇ ಕೆಂಪು ಗೆರೆ ಇಳಿಯುತ್ತದೆ.