ಮೊದಲು ಬೆನ್ನು ನೋಡಿ: ಪದರಪದರದ ಕೃತಿಗಳನ್ನು ನಾನು ಕೂಡಿಟ್ಟ ಬಗೆ

ಗ್ಯಾಲರಿಗೆ ಹೋದಾಗ ನಾನು ಮೊದಲು ಕೇಳುವ ಮಾತು ಒಂದೇ. "ಇದನ್ನ ಗೋಡೆಯಿಂದ ಇಳಿಸಿ ಹಿಂದೆ ತೋರಿಸ್ತೀರಾ?" ಕೆಲವರು ಹುಬ್ಬೇರಿಸುತ್ತಾರೆ. ಪರವಾಗಿಲ್ಲ. ಬಟ್ಟೆ, ಕಾಗದ, ಇದ್ದಿಲು, ಹಳೆ ಫೋಟೋ, ಮೇಣ, ದಾರ ಎಲ್ಲ ಒಂದರ ಮೇಲೊಂದು ಕೂತಿರುವ ಕೃತಿಯನ್ನು ಬರೀ ಎದುರಿನಿಂದ ನೋಡಿ ಕೊಳ್ಳಬಾರದು. ಎದುರಿಗೆ ಕಾಣುವುದು ಕೊನೆಯ ಪದರ ಮಾತ್ರ. ಅದು ಎಷ್ಟು ವರ್ಷ ಬಾಳುತ್ತದೆ ಅನ್ನುವುದನ್ನು ತೀರ್ಮಾನ ಮಾಡುವುದು ಕೆಳಗಿನ ಪದರಗಳು.

ನನ್ನದು ಕೊಪ್ಪಳದಲ್ಲಿ ಒಂದು ಔಷಧಿ ಅಂಗಡಿ. ಬೆಂಗಳೂರಿನ ಗ್ಯಾಲರಿಯೊಂದರಲ್ಲಿ ಪ್ರದರ್ಶನ ಮಾಡುವ ಒಬ್ಬ ಕಲಾವಿದೆಯ ಕೃತಿಗಳನ್ನು ಹಲವು ವರ್ಷಗಳಿಂದ ಕೂಡಿಡುತ್ತಿದ್ದೇನೆ. ಅವರ ಹೆಸರು ಇಲ್ಲಿ ಬೇಡ, ಅದು ಅವರ ಇಷ್ಟ. ಒಬ್ಬರದೇ ಕೆಲಸ ಯಾಕೆ ಅಂತ ಗೆಳೆಯರು ಕೇಳುತ್ತಾರೆ. ಹತ್ತು ಜನರ ಹತ್ತು ಚಿತ್ರ ಇದ್ದರೆ ಮನೆ ಚೆಂದ ಕಾಣುತ್ತದೆ, ನಿಜ. ಆದರೆ ಒಬ್ಬರ ಕೆಲಸವನ್ನು ವರ್ಷಗಟ್ಟಲೆ ಹಿಂಬಾಲಿಸಿದರೆ ಅವರು ಏನನ್ನು ಮತ್ತೆ ಮತ್ತೆ ಮುಚ್ಚುತ್ತಾರೆ, ಏನನ್ನು ಕೆರೆದು ತೆಗೆಯುತ್ತಾರೆ ಅನ್ನುವುದು ತಿಳಿಯುತ್ತದೆ. ಈ ಬಗೆಯ ಕೃತಿಗಳಲ್ಲಿ ನೋಡಬೇಕಾದದ್ದೇ ಅದು.

ನಮ್ಮ ಪಡಸಾಲೆಯಲ್ಲಿರುವ ಒಂದರ ಬಗ್ಗೆ ಹೇಳುತ್ತೇನೆ. ಎರಡು ಅಡಿ ಅಗಲ, ಮೂರು ಅಡಿ ಎತ್ತರ. ಕೆಳಗೆ ಪ್ಲೈವುಡ್. ಅದರ ಮೇಲೆ ಹಳೆ ಪಂಚೆಯ ಬಟ್ಟೆ. ಅದಕ್ಕೆ ಸೀಮೆಸುಣ್ಣದ ಪುಡಿ ಬೆರೆಸಿದ ಬಿಳಿ ಲೇಪ. ಆಮೇಲೆ ಒಂದು ಕಿರ್ದಿ ಪುಸ್ತಕದ ಹಾಳೆಗಳು. ಬೆಂಗಳೂರಿನ ಸಂಡೇ ಬಜಾರಿನಲ್ಲಿ ರದ್ದಿಯ ಜೊತೆ ಸಿಕ್ಕಿದ್ದವಂತೆ. ಹಾಳೆಗಳ ಮೇಲೆ ಒಂದು ಹೆಣ್ಣುಮಗಳ ಫೋಟೋ. ಅದನ್ನು ಅಂಟಿಸಿಲ್ಲ, ಇಳಿಸಿದ್ದಾರೆ. ಲೇಸರ್ ಪ್ರಿಂಟನ್ನು ಅಕ್ರಿಲಿಕ್ ಜೆಲ್ ಮೇಲೆ ಬೋರಲು ಹಾಕಿ, ಒಣಗಿದ ಮೇಲೆ ಹಿಂದಿನಿಂದ ನೀರು ಹಚ್ಚಿ ಬೆರಳಿನಿಂದ ಉಜ್ಜುತ್ತಾರೆ. ಕಾಗದ ಪುಡಿಪುಡಿಯಾಗಿ ಎದ್ದು ಹೋಗುತ್ತದೆ, ಟೋನರ್, ಅಂದರೆ ಪ್ರಿಂಟಿನ ಪುಡಿ ಬಣ್ಣ, ಮಾತ್ರ ಉಳಿಯುತ್ತದೆ. ಹಾಗಾಗಿ ಆಕೆಯ ಸೀರೆಯೊಳಗಿಂದ ಕಿರ್ದಿಯ ಅಂಕಿಗಳು ಕಾಣುತ್ತವೆ. ಮುಖವನ್ನು ಉಪ್ಪುಕಾಗದದಿಂದ ತಿಕ್ಕಿ ತೆಗೆದಿದ್ದಾರೆ. ಕುರ್ಚಿಯ ಹಿಡಿಕೆ ಮೇಲೆ ಇಟ್ಟ ಕೈ ಒಂದು ಸ್ಪಷ್ಟವಾಗಿ ಉಳಿದಿದೆ. ಎಲ್ಲದರ ಮೇಲೆ ತೆಳ್ಳಗೆ ಜೇನುಮೇಣ, ಮೇಣದ ಮೇಲೆ ಸೂಜಿಯಿಂದ ಎಳೆದ ಗೀರುಗಳು, ಬದಿಗೆ ಒಂದು ಸಾಲು ಕೆಂಪು ದಾರದ ಹೊಲಿಗೆ.

ಹಗಲಿನಲ್ಲಿ ಎದುರಿಗೆ ನಿಂತು ನೋಡಿದರೆ ಮಬ್ಬು ಹಳದಿ ಹಲಗೆ ಅಷ್ಟೇ. ಸಂಜೆ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ತಾಗಿಸಿ ಪಕ್ಕದಿಂದ ಬೆಳಕು ಬಿಡಿ. ಉಬ್ಬುತಗ್ಗುಗಳಿಗೆಲ್ಲ ನೆರಳು ಬರುತ್ತದೆ. ತಿಕ್ಕಿ ತೆಗೆದ ಮುಖದ ಜಾಗದಲ್ಲಿ ಉಪ್ಪುಕಾಗದ ಸುತ್ತಿದ ದಾರಿ ಕಾಣುತ್ತದೆ. ಅದರ ಕೆಳಗೆ ಇನ್ನೊಂದು ಮುಖದ ಇದ್ದಿಲಿನ ಗೆರೆ ಇದೆ. ನಾನು ಮನೆಗೆ ತಂದು ಎಷ್ಟೋ ತಿಂಗಳ ಮೇಲೆ ಅದು ಕಣ್ಣಿಗೆ ಬಿತ್ತು. ಕಲಾವಿದೆಗೆ ಫೋನ್ ಮಾಡಿದೆ. "ಅದನ್ನ ನಾನು ಮುಚ್ಚಿದ್ದೆ ಸರ್, ನಿಮಗೆ ಕಾಣುತ್ತಾ?" ಎಂದು ಕೇಳಿದರು. ಕಾಡುವ ಕೃತಿ ಅನ್ನುವುದು ನನ್ನ ಮಟ್ಟಿಗೆ ಇದೇ. ಹೆದರಿಸುವ ಚಿತ್ರ ಒಂದೆರಡು ವಾರದಲ್ಲಿ ಅಭ್ಯಾಸವಾಗಿ ಹೋಗುತ್ತದೆ. ಅರ್ಧ ಮುಚ್ಚಿದ ಚಿತ್ರ ಅಭ್ಯಾಸ ಆಗುವುದೇ ಇಲ್ಲ.

ನಮ್ಮ ಅವ್ವನಿಗೆ ಮಾತ್ರ ಇದು ಮೊದಲು ಸರಿಬರಲಿಲ್ಲ. "ಯಾರ ಮನಿ ಹೆಣ್ಮಗಳೋ ಏನೋ. ಮಾರಿ ಇಲ್ಲ, ಮೂಗಿಲ್ಲ. ತಂದು ಗ್ವಾಡಿಗೆ ಹಾಕೀಯಲ್ಲೋ ತಮ್ಮಾ?" ಎಂದಳು. ನಮ್ಮ ಕಡೆ ಗೋಡೆಗೆ ಹಾಕುವ ಫೋಟೋ ಅಂದರೆ ಒಂದೋ ದೇವರದು, ಇಲ್ಲಾ ತೀರಿಕೊಂಡ ಹಿರಿಯರದು. ಗೊತ್ತಿಲ್ಲದವರ ಫೋಟೋ ಹಾಕುವುದು ಅಂದರೆ ಅವರ ನೆನಪನ್ನು ನಾವು ಹೊತ್ತ ಹಾಗೆ. ಅವ್ವನ ಮಾತಿನಲ್ಲಿ ಹುರುಳಿತ್ತು. ದೇವರ ಕೋಣೆಯ ಎದುರಿಗೆ ಬೇಡ ಎಂದಳು, ಅಲ್ಲಿಂದ ತೆಗೆದು ಒಳಗೋಡೆಗೆ ಹಾಕಿದೆ. ಕೆಲವು ದಿನದ ಮೇಲೆ ನೋಡುತ್ತೇನೆ, ಕನ್ನಡಕ ಹಾಕಿಕೊಂಡು ಅವ್ವ ಅದರ ಮುಂದೆ ನಿಂತು ಕಿರ್ದಿಯ ಬರಹ ಓದುತ್ತಿದ್ದಾಳೆ. ಶೇಂಗಾ ಇಷ್ಟು, ಹತ್ತಿ ಇಷ್ಟು, ಹಮಾಲಿ ಇಷ್ಟು. ನನಗೆ ಆ ಅಕ್ಷರ ಬಿಡಿಸಿ ಓದಲು ಬರುತ್ತಿರಲಿಲ್ಲ. ಈಗ ಮನೆಗೆ ಬಂದವರಿಗೆಲ್ಲ ಅವಳೇ ಓದಿ ಹೇಳುತ್ತಾಳೆ.

ಕೃತಿಯ ಮೈಕಟ್ಟು ಹೇಗಿರುತ್ತದೆ ಅಂತ ನಾನು ಕಲಿತದ್ದು ಕಿನ್ನಾಳದಲ್ಲಿ. ನಮ್ಮೂರಿಗೆ ಹತ್ತಿರದ ಊರು. ಅಲ್ಲಿನ ಚಿತ್ರಗಾರರ ಗೊಂಬೆಗಳಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ, ಅದು ಎಲ್ಲರಿಗೂ ಗೊತ್ತು. ಗೊಂಬೆಯ ಬಣ್ಣದ ಕೆಳಗೆ ಏನೇನಿದೆ ಅಂತ ನೋಡುವವರು ಕಡಿಮೆ. ಹಗುರ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟಿನ ಜೊತೆ ಕಲಸಿ ಕಿಟ್ಟ ಮಾಡುತ್ತಾರೆ. ಮೈಯ ಉಬ್ಬುತಗ್ಗು ಬರುವುದು ಅದರಿಂದ. ಒಡವೆಯ ಉಬ್ಬಿಗೆ ಕಲ್ಲಿನ ಪುಡಿ ಮತ್ತು ಅಂಟು. ಅದರ ಮೇಲೆ ಬಿಳಿ ಲೇಪ, ಕೊನೆಗೆ ಬಣ್ಣ. ಪ್ರತಿ ಪದರ ಪೂರ್ತಿ ಒಣಗದೆ ಮೇಲಿನದಕ್ಕೆ ಕೈ ಹಾಕುವುದಿಲ್ಲ. ಅಲ್ಲಿನ ಹಿರಿಯರೊಬ್ಬರು ನನಗೆ ಹೇಳಿದ್ದು, "ಒಳಗ ಹಸಿ ಉಳಿದ್ರ ಮ್ಯಾಲಿನ ಬಣ್ಣ ಬಿರಿತೈತ್ರಿ ಸರ." ಗ್ಯಾಲರಿಯಲ್ಲಿ ನಿಂತಾಗ ನನಗೆ ಮೊದಲು ನೆನಪಾಗುವುದು ಈ ಮಾತೇ.

ಇಂಥ ಕಲೆ ಹೊರಗಿನದು ಅನ್ನುವವರಿದ್ದಾರೆ. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚಾದ ಮೇಣಬಟ್ಟೆಯ ತುಂಡನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗ ಕಟ್ಟಿದ್ದು ಚರಿತ್ರೆಯಲ್ಲಿ ದೊಡ್ಡ ಹೆಜ್ಜೆ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ 1975ರಲ್ಲಿ ಅಮೆರಿಕದ ಕಲಾವಿದ ರಾಬರ್ಟ್ ರೌಶನ್‌ಬರ್ಗ್ ಅಹಮದಾಬಾದಿಗೆ ಬಂದು, ಅಲ್ಲಿನ ಗಾಂಧಿ ಆಶ್ರಮದ ಕಾಗದ ಕಾರ್ಖಾನೆಯಲ್ಲಿ ಕೆಲಸ ಮಾಡಿದಾಗ ಏನು ಕಲಸಿದರು ಗೊತ್ತಾ? ಕಾಗದದ ತಿರುಳು, ಮೆಂತ್ಯದ ಪುಡಿ, ಹುಣಸೆ ಬೀಜದ ಪುಡಿ, ಸೀಮೆಸುಣ್ಣ, ಗೋಂದು, ಮೈಲುತುತ್ತ. ಹುಣಸೆ ಬೀಜ ಕಿನ್ನಾಳದಲ್ಲೂ ಇದೆ, ಅವರ ಮಿಶ್ರಣದಲ್ಲೂ ಇದೆ. ನಮ್ಮ ಬೈಂಡಿಂಗ್ ಅಂಗಡಿಯವರು ಹುಳ ಹತ್ತಬಾರದು ಅಂತ ಮೈದಾ ಅಂಟಿಗೆ ಹಾಕುವುದೂ ಅದೇ ಮೈಲುತುತ್ತ. ಇದನ್ನು ತಿಳಿದ ದಿನ ನನಗೆ ತುಂಬಾ ಖುಷಿಯಾಯಿತು.

ಇನ್ನು ಕೊಳ್ಳುವ ವಿಷಯ. ಲೇಬಲ್ ಮೇಲೆ "ಮಿಕ್ಸೆಡ್ ಮೀಡಿಯಾ" (ಹಲವು ಸಾಮಗ್ರಿ ಬೆರೆಸಿದ್ದು) ಅಂತ ಎರಡೇ ಪದ ಇದ್ದರೆ ನಾನು ಒಪ್ಪುವುದಿಲ್ಲ. ಕೆಳಗಿನಿಂದ ಮೇಲಿನವರೆಗೆ ಪದರಗಳನ್ನು ಕ್ರಮವಾಗಿ ಕಲಾವಿದೆಯ ಕೈಯಿಂದಲೇ ಬರೆಸಿಕೊಳ್ಳುತ್ತೇನೆ. ಯಾವ ಅಂಟು? ಮೈದಾನಾ, ಫೆವಿಕಾಲ್ ಥರದ್ದಾ, ಅಕ್ರಿಲಿಕ್ಕಾ? ಫೋಟೋ ಲೇಸರ್ ಟೋನರಿನದ್ದಾ, ಇಂಕ್‌ಜೆಟ್ಟಿನದ್ದಾ? ಕಪ್ಪು ಟೋನರಿನಲ್ಲಿ ಇರುವುದು ಇಂಗಾಲ, ಬಿಸಿಲಿಗೆ ಅಷ್ಟು ಬೇಗ ಬಿಡುವುದಿಲ್ಲ. ಡೈ ಇಂಕಿನ ಪ್ರಿಂಟು ಮಾಸುತ್ತದೆ. ನ್ಯೂಸ್‌ಪ್ರಿಂಟ್, ಅಂದರೆ ಪತ್ರಿಕೆಯ ಕಾಗದ, ಇದೆಯಾ? ಇದ್ದರೆ ಅದು ಹಳದಿಯಾಗಿ ಮುರುಟುವುದು ಖಂಡಿತ. ಹಾಗಂತ ಬಿಟ್ಟುಬಿಡಿ ಅಂತಲ್ಲ. ಹಳದಿಯಾಗಲಿ ಅಂತಲೇ ಹಾಕಿದ್ದಾರಾ ಎಂದು ಕೇಳಬೇಕು. ನಮ್ಮ ಕಲಾವಿದೆ ಹಾಗೆ ಬೇಕೆಂದೇ ಹಾಕಿದ ಒಂದು ಕೃತಿ ನನ್ನ ಹತ್ತಿರ ಇದೆ. ವರ್ಷಕ್ಕೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಅದರ ಫೋಟೋ ತೆಗೆದು ಇಡುತ್ತೇನೆ.

ಸಾಗಿಸುವುದು ನಮ್ಮ ಸೀಮೆಯವರಿಗೆ ಬೇರೆಯೇ ತಲೆನೋವು. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ. ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಲ್ಲಿ ಬಾಗಿಲು ಹಾಕಿ ನಿಲ್ಲಿಸಿದ ಕಾರಿನೊಳಗೆ ಮೇಣದ ಕೃತಿ ಇಡುವ ಮಾತೇ ಇಲ್ಲ. ನಾನು ತರುವುದು ಮಳೆಗಾಲ ಕಳೆದ ಮೇಲೆ, ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ, ರಾತ್ರಿ. ಮೇಣಕ್ಕೆ ನೇರವಾಗಿ ಬಬಲ್ ರ್‍ಯಾಪ್ ಸುತ್ತಬಾರದು, ಗುಳ್ಳೆಗಳ ಅಚ್ಚು ಕೂರುತ್ತದೆ. ಮೊದಲು ನುಣುಪಾದ ಗ್ಲಾಸೀನ್ ಕಾಗದ, ಆಮೇಲೆ ಗಟ್ಟಿ ರಟ್ಟು, ಬಬಲ್ ಅದರ ಮೇಲೆ. ಮೇಣ ಅಂದರೆ ಬಾಳದು ಅಂತ ಯಾರಾದರೂ ಹೇಳಿದರೆ ಪ್ರಾಚೀನ ಈಜಿಪ್ಟಿನ ಫಯ್ಯೂಮ್ ಮುಖಚಿತ್ರಗಳನ್ನು ನೆನಪಿಸಿ. ಮೇಣದ ಬಣ್ಣದಲ್ಲಿ ಬರೆದ ಎಷ್ಟೋ ಮುಖಗಳು ಅವುಗಳಲ್ಲಿವೆ. ಹದಿನೆಂಟು ಶತಮಾನ ದಾಟಿದರೂ ಅವುಗಳ ಕಣ್ಣು ನಮ್ಮನ್ನೇ ನೋಡುತ್ತವೆ.

ಮನೆಯಲ್ಲಿ ದೊಡ್ಡ ವೈರಿ ಯಾವುದು ಅಂದರೆ ಏರ್ ಕೂಲರ್. ಬಿಸಿಲು, ಧೂಳು ಎಲ್ಲ ಆಮೇಲೆ. ಕಾಗದ, ಮರ ಇರುವ ಕೃತಿಗೆ ಗಾಳಿಯ ತೇವ ಶೇ. 45ರಿಂದ 55ರ ಒಳಗೆ ಒಂದೇ ಸಮ ಇದ್ದರೆ ಒಳ್ಳೆಯದು ಅನ್ನುವುದು ರೂಢಿಯ ಲೆಕ್ಕ. ನಮ್ಮ ಬೇಸಿಗೆಯ ಮಧ್ಯಾಹ್ನಗಳಲ್ಲಿ ಅದಕ್ಕಿಂತ ಬಹಳ ಕಡಿಮೆ ಇರುತ್ತದೆ. ಆದರೆ ನಿಧಾನವಾಗಿ ಒಣಗಿದರೆ ಕೃತಿ ತಡೆದುಕೊಳ್ಳುತ್ತದೆ. ಮಧ್ಯಾಹ್ನ ಕೂಲರ್ ಹಾಕಿ ಹಸಿ ಗಾಳಿ ತುಂಬಿ, ರಾತ್ರಿ ಆರಿಸಿದರೆ ಹಲಗೆ ಹಿಗ್ಗಿ ಕುಗ್ಗುತ್ತದೆ. ಕಾಗದ ಅದರ ಜೊತೆ ಎಳೆದಾಡುತ್ತದೆ, ಮೇಣ ಬಿರುಕು ಬಿಡುತ್ತದೆ. ಔಷಧಿ ಅಂಗಡಿಯಲ್ಲಿ ತಾಪಮಾನ ನೋಡುವುದು ನನಗೆ ದಿನದ ಕೆಲಸ. ಅದೇ ಥರದ ಒಂದು ಮೀಟರನ್ನು ಪಡಸಾಲೆಗೂ ತೂಗುಹಾಕಿದೆ. ಎರಡು ಕೋಣೆಯ ಅಂಕಿ ಹೋಲಿಸಿದ ಮೇಲೆ ಮನೆಯವರೇ ಕೂಲರನ್ನು ಮಲಗುವ ಕೋಣೆಗೆ ಒಯ್ದರು. ನಮ್ಮದು ದಪ್ಪ ಗೋಡೆಯ ಹಳೆ ಮಾಳಿಗೆ ಮನೆ. ಒಳಗೋಡೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಪಡುವಣ ಗೋಡೆಗೆ ಏನನ್ನೂ ಹಾಕುವುದಿಲ್ಲ.

ಫ್ರೇಮಿನ ಬಗ್ಗೆ ಸ್ವಲ್ಪ ಹಟ ಮಾಡಬೇಕು. ಊರಿನ ಫ್ರೇಮ್ ಅಂಗಡಿಯಲ್ಲಿ ರೂಢಿಯಂತೆ ಚಿತ್ರಕ್ಕೆ ಗಾಜು ಒತ್ತಿ, ಹಿಂದೆ ರಟ್ಟು ಇಟ್ಟು ಮೊಳೆ ಹೊಡೆಯುತ್ತಾರೆ. ಮೇಣ, ಬಣ್ಣ ಗಾಜಿಗೆ ಹತ್ತಿದರೆ ಮತ್ತೆ ಬಿಡುವುದಿಲ್ಲ. ಆಳವಾದ ಪೆಟ್ಟಿಗೆ ಫ್ರೇಮು ಮಾಡಿಸಿ. ಗಾಜಿಗೂ ಕೃತಿಗೂ ನಡುವೆ ಅಂತರ ಉಳಿಯುವಂತೆ ಒಳಗೆ ಪಟ್ಟಿ ಕೂರಿಸಬೇಕು. ಆ ಪಟ್ಟಿ, ಹಿಂದಿನ ರಟ್ಟು ಎರಡೂ ಆಮ್ಲ ಇಲ್ಲದ ಬೋರ್ಡಿನದೇ ಆಗಬೇಕು. ಅದನ್ನು ನಾನು ಬೆಂಗಳೂರಿನಿಂದ ತರಿಸುತ್ತೇನೆ. ಗಾಜಿನ ಬದಲು ಅಕ್ರಿಲಿಕ್ ಶೀಟ್ ಹಗುರ, ಒಡೆಯುವುದಿಲ್ಲ. ಆದರೆ ಇದ್ದಿಲಿನ ಕೆಲಸಕ್ಕೆ ಅದು ಬೇಡ. ಒರೆಸಿದಾಗ ಅದರಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ಇದ್ದಿಲ ಪುಡಿಯನ್ನು ಸೆಳೆದುಕೊಳ್ಳುತ್ತದೆ. ಗೋಡೆಗೂ ಫ್ರೇಮಿಗೂ ನಡುವೆ ನಾಲ್ಕು ಮೂಲೆಗೆ ಬೂಚಿನ ತುಂಡು ಹಾಕಿ, ಗಾಳಿ ಆಡಲಿ, ಗೆದ್ದಲು ಬಂದರೆ ಕಾಣಲಿ. ನುಸಿಗುಳಿಗೆಯನ್ನು ಫ್ರೇಮಿನೊಳಗೆ ಇಡಬೇಡಿ, ಅದರ ಆವಿ ರಾಳಕ್ಕೂ ಪ್ಲಾಸ್ಟಿಕ್ಕಿಗೂ ಆಗಿಬರುವುದಿಲ್ಲ. ಮೇಣದ ಮೇಲೆ ಕೆಲವೊಮ್ಮೆ ಬೂಷ್ಟಿನ ಹಾಗೆ ಬಿಳಿ ಮಬ್ಬು ಬರುತ್ತದೆ. ಗಾಬರಿ ಬೇಡ. ಅದು ಮೇಣದ ಗುಣ. ಮೆತ್ತನೆ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ.

ದುಡ್ಡು ನಾನು ಕಂತಿನಲ್ಲಿ ಕೊಡುತ್ತೇನೆ. ನಂಬಿಕೆ ಬಂದ ಮೇಲೆ ಹೆಚ್ಚಿನ ಗ್ಯಾಲರಿಗಳು ಒಪ್ಪುತ್ತವೆ. ಗ್ಯಾಲರಿಯ ಪಾಲು ತಪ್ಪಿಸಿ ಸ್ಟುಡಿಯೋದಿಂದ ಕದ್ದುಮುಚ್ಚಿ ಕೊಳ್ಳಲು ಹೋಗಬೇಡಿ. ಆಮೇಲೆ ಆ ಕಲಾವಿದರನ್ನು ಪ್ರದರ್ಶನಕ್ಕೆ ಕರೆಯುವವರು ಯಾರು? ಬಿಲ್ಲು, ಸಹಿ ಇರುವ ಪ್ರಮಾಣಪತ್ರ, ಪದರಗಳ ಪಟ್ಟಿ, ಮುಂದಿನ ಹಿಂದಿನ ಫೋಟೋ, ಎಲ್ಲ ಒಂದೇ ಫೈಲಿನಲ್ಲಿ ಇರಲಿ. ಕೃತಿ ನಮ್ಮದಾದರೂ ಅದರ ಕಾಪಿರೈಟ್ ಕಲಾವಿದರದೇ. ಅವರನ್ನು ಕೇಳದೆ ಕ್ಯಾಲೆಂಡರಿಗೆ ಅಚ್ಚು ಹಾಕಿಸುವ ಹಾಗಿಲ್ಲ. ಕಾಪಿರೈಟ್ ಕಾಯ್ದೆಯ 53ಎ ಕಲಂ ಕೂಡ ತಿಳಿದಿರಲಿ. ಮೂಲ ಕೃತಿ 10,000 ರೂಪಾಯಿಗಿಂತ ಜಾಸ್ತಿಗೆ ಮರುಮಾರಾಟವಾದರೆ ಅದರಲ್ಲಿ ಕಲಾವಿದರಿಗೆ ಪಾಲು ಕೇಳುವ ಹಕ್ಕಿದೆ. ಆ ಪಾಲು ಶೇ. 10 ಮೀರುವಂತಿಲ್ಲ. ನಾನು ಮಾರುವವನಲ್ಲ. ಆದರೂ ಈ ಮಾತನ್ನು ಫೈಲಿನ ಮೊದಲ ಹಾಳೆಯಲ್ಲೇ ಬರೆದಿಟ್ಟಿದ್ದೇನೆ, ಮಕ್ಕಳಿಗೆ ಗೊತ್ತಿರಲಿ ಅಂತ.

ಒಂದು ಮಳೆಗಾಲದಲ್ಲಿ ಪಡಸಾಲೆಯ ಕೃತಿಯ ಕೆಳಮೂಲೆಯ ಕಿರ್ದಿ ಹಾಳೆ ಎದ್ದಿತು. ಫೆವಿಕಾಲ್ ಹಚ್ಚಿ ಒತ್ತಿಬಿಡಬಹುದಿತ್ತು. ಆದರೆ ಅಂಥ ಅಂಟು ಒಣಗಿದ ಮೇಲೆ ಬಿಡಿಸಲು ಬರುವುದಿಲ್ಲ, ಮುಂದೆ ರಿಪೇರಿ ಮಾಡುವವರಿಗೆ ದಾರಿಯೇ ಇಲ್ಲದಂತಾಗುತ್ತದೆ. ಫೋಟೋ ತೆಗೆದು ಕಲಾವಿದೆಗೆ ಕಳಿಸಿದೆ. ಹಂಪಿಗೆ ಬಂದವರು ಕೊಪ್ಪಳಕ್ಕೂ ಬಂದರು. ಗೋಧಿ ಗಂಜಿಯ ಅಂಟು ತೆಳ್ಳಗೆ ಕಾಯಿಸಿ, ಸಣ್ಣ ಕುಂಚದಿಂದ ಹಚ್ಚಿ, ಮೇಲೆ ಒಂದು ಕಾಗದ ಇಟ್ಟು ನಮ್ಮ ಅಂಗಡಿಯ ದಪ್ಪ ರಿಜಿಸ್ಟರುಗಳನ್ನು ಹೇರಿದರು. ಪಕ್ಕದಲ್ಲಿ ಇನ್ನೊಂದು ಅಂಚೂ ಸ್ವಲ್ಪ ಎದ್ದಿತ್ತು. ಅದನ್ನು ಮುಟ್ಟಲಿಲ್ಲ. "ಅದು ಹಾಗೇ ಇರಲಿ ಸರ್, ಈಗ ಕೆಳಗಿನ ಅಂಕಿ ಕಾಣ್ತಿದೆ" ಎಂದರು. ಅವ್ವ ತಕ್ಷಣ ಬಗ್ಗಿ ಆ ಅಂಕಿ ಓದಿದಳು. ಮಾಡಿದ ಕೆಲಸ, ಬಳಸಿದ ಅಂಟು, ಬಿಟ್ಟ ಅಂಚು, ತಾರೀಖು, ಎಲ್ಲವನ್ನೂ ಹಲಗೆಯ ಹಿಂದೆ ಅವರಿಂದಲೇ ಬರೆಸಿ ಸಹಿ ಹಾಕಿಸಿಕೊಂಡೆ.

ಈಗ ಅವರು ನಮ್ಮ ಕಡೆಯ ಎರೆಮಣ್ಣು ಬಳಸಿ ಒಂದು ಕೃತಿ ಶುರು ಮಾಡಿದ್ದಾರೆ. ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ಹೊಲ ನೋಡಿದ ಯಾರಿಗಾದರೂ ಗೊತ್ತು. ಅದಕ್ಕೆ ಯಾವ ಅಂಟು ಬೆರೆಸಬೇಕು ಅಂತ ಚರ್ಚೆ ನಡೆದಿದೆ. ಹುಣಸೆ ಬೀಜದ ಅಂಟಿನಲ್ಲಿ ಒಂದು ತುಂಡು, ಅಕ್ರಿಲಿಕ್ಕಿನಲ್ಲಿ ಒಂದು ತುಂಡು ಮಾಡಿ ನನಗೆ ಕಳಿಸಿದ್ದಾರೆ. ಎರಡನ್ನೂ ಪಡಸಾಲೆಯ ಮೀಟರಿನ ಪಕ್ಕದಲ್ಲೇ ಇಟ್ಟಿದ್ದೇನೆ. ಈ ಬೇಸಿಗೆ ದಾಟಿದ ಮೇಲೆ ಯಾವುದು ಹೇಗಿದೆ ಅಂತ ಅವರಿಗೆ ಹೇಳಬೇಕು. ಆಮೇಲೆಯೇ ಅವರು ದೊಡ್ಡ ಹಲಗೆಗೆ ಕೈ ಹಾಕುವುದು.