ಪೆಡಲ್ ತುಳಿದಾಗ ಚೈನ್ ಹಾರುತ್ತಿದೆಯಾ? ಮೊದಲು ಸ್ಕೇಲ್ ಹಿಡಿಯಿರಿ

ಸಿಗ್ನಲ್ ಬಿಟ್ಟ ಕೂಡಲೇ ಜೋರಾಗಿ ತುಳಿದಾಗ ‘ಕಟ್’ ಅಂತ ಚೈನ್ ಹಾರಿದರೆ ಬಹಳ ಜನ ಗೇರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಸವೆದಿರುವುದು ಚೈನ್. ನಾನು ಮೈಸೂರಿನ ಕುವೆಂಪುನಗರದಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಏಳು ಗೇರಿನ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುವವನು. ಚೈನನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಹಿಂದಿನ ಫ್ರೀವೀಲ್ (ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲಿನ ಚಕ್ರಗಳ ಗುಂಪು) ಎಷ್ಟೋ ಕಾಲ ಬಾಳಿಕೆ ಬರುತ್ತದೆ. ಹಾಗಾಗಿ ಅಳೆಯುವುದನ್ನು ಮಾತ್ರ ಬಿಡಬೇಡಿ.

ಅಳೆಯಲು ಇಂಚಿನ ಗುರುತಿರುವ ಸ್ಟೀಲ್ ಸ್ಕೇಲ್ ಸಾಕು. ಹೊಸ ಚೈನಿನಲ್ಲಿ ಒಂದು ಪಿನ್‌ನಿಂದ ಮುಂದಿನ ಪಿನ್‌ಗೆ ಸರಿಯಾಗಿ ಅರ್ಧ ಇಂಚು, 24 ಕೊಂಡಿಗೆ 12 ಇಂಚು. ಚೈನ್ ಸೈಕಲ್ ಮೇಲೇ ಇರಲಿ. ಪೆಡಲನ್ನು ಸ್ವಲ್ಪ ಒತ್ತಿ ಹಿಡಿದು ಚೈನ್ ಬಿಗಿ ಮಾಡಿ. ಒಂದು ಪಿನ್‌ನ ನಡುಮಧ್ಯಕ್ಕೆ ಸೊನ್ನೆ ಇಟ್ಟು ಇನ್ನೊಂದು ತುದಿ ನೋಡಿ. ಪಿನ್ 12 ಇಂಚಿನ ಗೆರೆ ದಾಟಿ ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಚೈನ್ ಬದಲಿಸುವ ಹೊತ್ತು ಬಂತು. ಮೂರು ಮಿಲಿಮೀಟರ್ ಹೋಗಿದ್ದರೆ ಅದು ಫ್ರೀವೀಲಿನ ಹಲ್ಲನ್ನೂ ತಿಂದಿರುತ್ತದೆ, ಎರಡನ್ನೂ ಬದಲಿಸಬೇಕಾಗುತ್ತದೆ.

ಚೈನ್ ಉದ್ದವಾಗುವುದು ಕಬ್ಬಿಣ ಎಳೆದು ಹಿಗ್ಗಿ ಅಲ್ಲ. ಧೂಳು ಎಣ್ಣೆಗೆ ಅಂಟಿ ಒಳಗೆ ಸೇರಿ, ಉಪ್ಪುಕಾಗದದ ಹಾಗೆ ಪ್ರತಿ ಪಿನ್ನನ್ನೂ ಉಜ್ಜುತ್ತದೆ. ಒಂದೊಂದು ಕೀಲಿನ ಕೂದಲೆಳೆಯಷ್ಟು ಸವೆತ ಸೇರಿ ಸೇರಿ ಇಷ್ಟಾಗುತ್ತದೆ.

ಹೊಸ ಚೈನ್ ತಂದಾಗ ಹಳೆಯದರ ಪಕ್ಕ ಇಟ್ಟು ಉದ್ದ ನೋಡಬೇಡಿ, ಹಳೆಯದು ಹಿಗ್ಗಿರುತ್ತದೆ ಅಲ್ವಾ? ಕೊಂಡಿ ಎಣಿಸಿ. ಹೆಚ್ಚಾದದ್ದನ್ನು ಚೈನ್ ಕಟರ್‌ನಿಂದ ತೆಗೆದು ಮ್ಯಾಜಿಕ್ ಲಿಂಕ್ (ಎರಡು ತುದಿ ಕೂಡಿಸುವ ಕೊಂಡಿ) ಹಾಕಿ. ಆ ಲಿಂಕನ್ನು ಮೇಲಿನ ಸಾಲಿಗೆ ತಂದು, ಹಿಂದಿನ ಬ್ರೇಕ್ ಹಿಡಿದು ಪೆಡಲ್ ಒತ್ತಿದರೆ ‘ಟಿಕ್’ ಅಂತ ಕೂರುತ್ತದೆ.

ಆಮೇಲೆ ಖಾಲಿ ರಸ್ತೆಯಲ್ಲಿ ಒಂದೊಂದೇ ಗೇರಿನಲ್ಲಿ ಜೋರಾಗಿ ತುಳಿದು ನೋಡಿ. ನೀವು ಜಾಸ್ತಿ ಬಳಸುವ ಒಂದೆರಡು ಗೇರಿನಲ್ಲಿ ಮಾತ್ರ ಹಾರಿದರೆ ಆ ಹಲ್ಲುಗಳು ಸವೆದಿವೆ ಅಂತ ಅರ್ಥ. ಯಾವ ಗೇರಿನಲ್ಲಾದರೂ ಚೈನ್ ಒಂದು ಸುತ್ತು ಬಂದಾಗೆಲ್ಲ ಒಂದೇ ಸಲ ಹಾರುತ್ತಿದ್ದರೆ ಯಾವುದೋ ಕೊಂಡಿ ಬಿಗಿಯಾಗಿದೆ. ಪೆಡಲನ್ನು ನಿಧಾನ ಹಿಂದಕ್ಕೆ ತಿರುಗಿಸಿದರೆ ಅದು ಸೊಟ್ಟಗೇ ಬರುವುದು ಕಣ್ಣಿಗೆ ಕಾಣುತ್ತದೆ. ಎರಡೂ ಬದಿ ಹಿಡಿದು ಅಡ್ಡಕ್ಕೆ ಸ್ವಲ್ಪ ಬಾಗಿಸಿದರೆ ಸಡಿಲವಾಗುತ್ತದೆ. ಇಷ್ಟಕ್ಕೆ ಯಾರಾದರೂ ಫ್ರೀವೀಲ್ ಬದಲಿಸಿ ಅಂದರೆ ಒಪ್ಪಬೇಡಿ.

ಫ್ರೀವೀಲ್ ಬಿಚ್ಚಲು ಅದರ ಅಚ್ಚಿಗೆ ಹೊಂದುವ ರಿಮೂವರ್ ಬೇಕು, ಬಲವೂ ಬೇಕು. ಈ ಒಂದು ಕೆಲಸವನ್ನು ಸೈಕಲ್ ಅಂಗಡಿಗೆ ಬಿಡುವುದೇ ಒಳ್ಳೆಯದು. ಹೊಸದನ್ನು ಕೂರಿಸುವಾಗ ಮಾತ್ರ ಮರೆಗೆ (ತಿರುಪಿನ ಗೆರೆಗಳಿಗೆ) ಗ್ರೀಸ್ ಹಚ್ಚಿಸಿ, ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಲು ಹೇಳಿ. ಚಕ್ರದ ನಡುವಿನ ಅಲ್ಯೂಮಿನಿಯಂ ಹಬ್ಬಿನ ಮರೆ ಅಡ್ಡಾದಿಡ್ಡಿ ಹೋದರೆ ಹಬ್ಬೇ ಹಾಳು. ಪೂರ್ತಿ ಬಿಗಿ ಮಾಡಬೇಕಾಗಿಲ್ಲ, ತುಳಿಯುತ್ತಾ ತಾನೇ ಬಿಗಿಯಾಗುತ್ತದೆ.

ಇನ್ನು ಎಣ್ಣೆ. ಒಣ ಬಟ್ಟೆಯಲ್ಲಿ ಚೈನ್ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ ಕಪ್ಪು ಒರೆಸಿ. ಪ್ರತಿ ರೋಲರಿಗೆ ಒಂದು ಹನಿ ಸಾಕು. ರಾತ್ರಿ ಹಾಕಿ, ಬೆಳಿಗ್ಗೆ ಹೊರಗಿನದನ್ನೆಲ್ಲ ಒರೆಸಿಬಿಡಿ. ಎಣ್ಣೆ ಬೇಕಿರುವುದು ರೋಲರಿನ ಒಳಗೆ. ಹೊರಗೆ ಉಳಿದದ್ದು ಸುಮ್ನೆ ಧೂಳು ಹಿಡಿಯುತ್ತದೆ. ಮಳೆಯಲ್ಲಿ ನೆನೆದ ದಿನ ಮನೆಗೆ ಬಂದ ಕೂಡಲೇ ಚೈನ್ ಒರೆಸಿ, ಒಣಗಿದ ಮೇಲೆ ಎಣ್ಣೆ ಬಿಡಿ. ಡಬ್ಲ್ಯೂಡಿ-40 ಸ್ಪ್ರೇ ನೀರು ಓಡಿಸಲು, ತುಕ್ಕು ಬಿಡಿಸಲು ಚೆನ್ನ. ಆದರೆ ಅದೊಂದನ್ನೇ ನಂಬಿ ಚೈನ್ ಓಡಿಸಬೇಡಿ.

ಗೇರಿಲ್ಲದ ಸೈಕಲ್ ಇದ್ದವರು ಇನ್ನೆರಡು ಗಮನಿಸಿ. ಚೈನಿನ ನಡುಭಾಗ ಮೇಲೆ ಕೆಳಗೆ ಸುಮಾರು ಅರ್ಧ ಇಂಚು ಆಡಬೇಕು. ಸಡಿಲಿದ್ದರೆ ಹಿಂದಿನ ಚಕ್ರದ ನಟ್ ಬಿಚ್ಚಿ ಚಕ್ರ ಹಿಂದಕ್ಕೆ ಎಳೆದು, ನೇರವಾಗಿದೆಯಾ ನೋಡಿ ಬಿಗಿ ಮಾಡಿ. ಚೈನಿನ ಎರಡು ತುದಿ ಕೂಡಿಸುವ ಚೈನ್ ಲಾಕಿನ ಕ್ಲಿಪ್ ಹಾಕುವಾಗ ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಲಿ. ತಿರುಗಾಮುರುಗಾ ಹಾಕಿದರೆ ಚೈನ್ ಕವರಿಗೆ ತಾಗಿ ಕ್ಲಿಪ್ ಕಳಚಿಕೊಳ್ಳಬಹುದು.