ಫೋನ್‌ಗೆ ಕಾಲ್ ಬರ್ತಾ ಇಲ್ವಾ? ಮೊದಲು ಕಾಲ್ ಮಾಡಿದವರನ್ನು ಕೇಳಿ

ನಿಮ್ಮ ಫೋನಿನಿಂದ ಕಾಲ್ ಹೋಗುತ್ತದೆ. ವಾಟ್ಸಾಪ್ ಮೆಸೇಜೂ ಬರುತ್ತದೆ. ಆದರೆ ಬೇರೆಯವರು ಫೋನ್ ಮಾಡಿದರೆ ಮಾತ್ರ ನೀವು ಸಿಗುವುದಿಲ್ಲ. ಇಂಥ ತೊಂದರೆ ಇದೆ ಅಂತ ಗೊತ್ತಾಗುವಷ್ಟರಲ್ಲಿ ಆಸ್ಪತ್ರೆಯ ಕಾಲೋ, ಇಂಟರ್‌ವ್ಯೂ ಕಾಲೋ, ಊರಿಂದ ಅಮ್ಮ ಮಾಡಿದ ಕಾಲೋ ತಪ್ಪಿಹೋಗಿರುತ್ತದೆ. ಹಾಗಾಗಿ ಇದನ್ನು ನಾಳೆಗೆ ಬಿಡಬೇಡಿ.

ಮೊದಲು ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುತ್ತದೆ. ಹೋಗದಿದ್ದರೆ ಸೆಟ್ಟಿಂಗ್ಸ್ ತಡಕಾಡುವ ಮುಂಚೆ, ನಿಮಗೆ ಕಾಲ್ ಮಾಡಿದವರನ್ನು ಒಂದು ಮಾತು ಕೇಳಿ: ‘ನಿಮಗೆ ಏನು ಕೇಳಿಸಿತು?’ ತೊಂದರೆ ಫೋನಿನಲ್ಲಿದೆಯೋ, ಸಿಮ್‌ನಲ್ಲೋ, ಸಿಮ್ ಕೊಟ್ಟ ಕಂಪನಿಯಲ್ಲೋ ಅನ್ನುವುದು ಅವರ ಉತ್ತರದಿಂದಲೇ ಬಹುಮಟ್ಟಿಗೆ ಗೊತ್ತಾಗುತ್ತದೆ.

ಅವರಿಗೆ ರಿಂಗ್ ಕೇಳಿಸಿದೆ, ನಿಮಗೆ ಕೇಳಿಸಿಲ್ಲ

ಹಾಗಿದ್ದರೆ ನೆಟ್‌ವರ್ಕ್ ಬಹುತೇಕ ಸರಿಯಾಗೇ ಇದೆ, ಫೋನು ಸುಮ್ಮನಿದೆ ಅಷ್ಟೆ. ಸೈಲೆಂಟ್ ಮತ್ತು ಡು ನಾಟ್ ಡಿಸ್ಟರ್ಬ್ ನೋಡಿ. ರಾತ್ರಿ ತಾನಾಗಿ ಆನ್ ಆಗುವಂತೆ ಇಟ್ಟಿದ್ದು ಬೆಳಗ್ಗೆಯೂ ಹಾಗೇ ಉಳಿದಿರಬಹುದು. ಬ್ಲೂಟೂತ್ ಆಫ್ ಮಾಡಿ. ಬ್ಯಾಗಿನಲ್ಲಿರುವ ಇಯರ್‌ಬಡ್‌ಗೆ ಫೋನ್ ಜೋಡಿಕೊಂಡಿದ್ದರೆ ಸದ್ದು ಅಲ್ಲಿಗೆ ಹೋಗಬಹುದು. ಆಂಡ್ರಾಯ್ಡ್‌ನಲ್ಲಿ ಫೋನ್ ಆ್ಯಪ್‌ನ ನೋಟಿಫಿಕೇಶನ್ ಆಫ್ ಆಗಿದ್ದರೆ ಕಾಲ್ ಬಂದರೂ ಸ್ಕ್ರೀನ್ ಮೇಲೆ ಕಾಣಿಸದೇ ಇರಬಹುದು. ಬೇರೆ ಡಯಲರ್ ಆ್ಯಪ್ ಹಾಕಿಕೊಂಡಿದ್ದರೆ ಅದನ್ನು ತೆಗೆದು, ಫೋನಿನದೇ ಆ್ಯಪನ್ನು ಮತ್ತೆ ಡೀಫಾಲ್ಟ್ ಮಾಡಿ ನೋಡಿ.

ಒಬ್ಬರ ಕಾಲ್ ಮಾತ್ರ ಬರುತ್ತಿಲ್ಲವೆಂದರೆ ಬ್ಲಾಕ್ ಲಿಸ್ಟ್ ತೆರೆಯಿರಿ. ಹೊಸ ನಂಬರ್‌ಗಳ ಕಾಲ್ ಮಾತ್ರ ಬರುತ್ತಿಲ್ಲವೆಂದರೆ, ಗೊತ್ತಿಲ್ಲದವರ ಕಾಲ್ ತಡೆಯುವ ಸೆಟ್ಟಿಂಗ್ ಆನ್ ಇರಬಹುದು. ಐಫೋನಿನಲ್ಲೂ ಅದು ಇದೆ. ಕಿರಿಕಿರಿಯ ಮಾರಾಟದ ಕಾಲ್‌ಗೆ ಬೇಸತ್ತು ಆನ್ ಮಾಡಿ, ಆಮೇಲೆ ಮರೆತುಬಿಡುವವರು ಜಾಸ್ತಿ. ಆದರೆ ಆಸ್ಪತ್ರೆ, ಬ್ಯಾಂಕ್, ಕೊರಿಯರ್‌ನವರು ಮಾಡುವುದೂ ಹೊಸ ನಂಬರಿನಿಂದಲೇ ಅಲ್ವಾ?

‘ಸ್ವಿಚ್ ಆಫ್’ ಅಥವಾ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂದಿತು

ಕಾಲ್ ನಿಮ್ಮ ಫೋನಿನವರೆಗೆ ಬಂದೇ ಇಲ್ಲ. ಏರೋಪ್ಲೇನ್ ಮೋಡ್ ಆನ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆಫ್ ಮಾಡಿ. ಫೋನು ಹೊಸದಾಗಿ ಟವರ್‌ಗೆ ಸೇರಿಕೊಳ್ಳುತ್ತದೆ. ನಂತರ ಸಿಮ್ ಸೆಟ್ಟಿಂಗ್ಸ್‌ನಲ್ಲಿ ವೋಲ್ಟೀ ಆನ್ ಇದೆಯೇ ನೋಡಿ. ಅಂದರೆ 4ಜಿ ಮೇಲೆಯೇ ಕಾಲ್ ನಡೆಸುವ ಸೌಲಭ್ಯ. ಜಿಯೋಗೆ 2ಜಿ, 3ಜಿ ನೆಟ್‌ವರ್ಕ್ ಇಲ್ಲ. ಹಾಗಾಗಿ ವೋಲ್ಟೀ ಇಲ್ಲದಿದ್ದರೆ ಜಿಯೋ ಸಿಮ್‌ನಲ್ಲಿ ಇಂಟರ್ನೆಟ್ ಚೆನ್ನಾಗಿ ಓಡಿದರೂ ಮಾಮೂಲಿ ಕಾಲ್ ಸಿಗುವುದಿಲ್ಲ. ಏರ್‌ಟೆಲ್‌ನಂಥ ಕಂಪನಿಗಳಲ್ಲಿ ವೋಲ್ಟೀ ಇಲ್ಲದ ಫೋನು ಕಾಲ್‌ಗಾಗಿ 2ಜಿಗೆ ಇಳಿಯುತ್ತದೆ. ನೆಟ್‌ವರ್ಕ್ ಟೈಪ್‌ನಲ್ಲಿ ‘4ಜಿ ಮಾತ್ರ’ ಎಂದು ಇಟ್ಟಿದ್ದರೆ ಆ ದಾರಿಯೂ ಮುಚ್ಚುತ್ತದೆ. ಅದನ್ನು ಆಟೋ ಇರುವ ಆಯ್ಕೆಗೆ ತನ್ನಿ.

ಎರಡು ಸಿಮ್ ಬಳಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಬಹಳಷ್ಟು ಫೋನ್‌ಗಳಲ್ಲಿ ಒಂದು ಸಿಮ್‌ನಲ್ಲಿ ಮಾತಾಡುತ್ತಿರುವಾಗ ಇನ್ನೊಂದು ಸಿಮ್ ನೆಟ್‌ವರ್ಕ್‌ನಿಂದ ದೂರವಾಗುತ್ತದೆ. ಆಗ ಅದಕ್ಕೆ ಕಾಲ್ ಮಾಡಿದವರಿಗೆ ‘ಸ್ವಿಚ್ ಆಫ್’ ಎಂದು ಕೇಳಿಸಬಹುದು. ಇದು ಫೋನ್ ಕೆಟ್ಟಿರುವ ಲಕ್ಷಣವಲ್ಲ.

ಮಲೆನಾಡಿನ ಒಂಟಿ ಮನೆಗಳಲ್ಲಿ ಸಿಗ್ನಲ್ಲೇ ಕಷ್ಟ. ಮನೆಯಲ್ಲಿ ವೈಫೈ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿಕೊಡಿ. ಸೌಲಭ್ಯ ಇರುವ ಫೋನು, ಸಿಮ್ ಆಗಿದ್ದರೆ ಟವರ್ ಸಿಗದಿದ್ದರೂ ಅದೇ ನಂಬರಿಗೆ ಕಾಲ್ ಬರುತ್ತದೆ. ವಯಸ್ಸಾದವರಿಗೆ ಇದರಿಂದ ತುಂಬಾ ಅನುಕೂಲ.

‘ಒಳಬರುವ ಕರೆ ಸೌಲಭ್ಯ ಇಲ್ಲ’ ಎಂದಿತು

ಬಹುಶಃ ರೀಚಾರ್ಜ್ ಮುಗಿದಿದೆ. ಇನ್‌ಕಮಿಂಗ್ ಜೀವನಪೂರ್ತಿ ಉಚಿತ ಎಂಬ ಕಾಲ 2018ರ ಕೊನೆಗೆ ಮುಗಿಯಿತು. ಈಗ ವ್ಯಾಲಿಡಿಟಿ ಮುಗಿದು ಕೆಲವು ದಿನಗಳಲ್ಲಿ ಇನ್‌ಕಮಿಂಗ್ ಕೂಡ ನಿಲ್ಲುತ್ತದೆ. ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದೇ ಬಿಟ್ಟು, ಬ್ಯಾಲೆನ್ಸ್ 20 ರೂಪಾಯಿಗಿಂತ ಕಡಿಮೆ ಇದ್ದರೆ ನಂಬರೇ ಕೈತಪ್ಪಬಹುದು. ಅಪ್ಪ ಅಮ್ಮನ ಫೋನಿನ ರೀಚಾರ್ಜ್ ದಿನಾಂಕವನ್ನು ಮಕ್ಕಳೇ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಡೇಟಾ ಬೇಡದವರಿಗೆ ಕಾಲ್ ಮತ್ತು ಎಸ್ಸೆಮ್ಮೆಸ್‌ನ ಪ್ಯಾಕ್ ಬೇರೆಯಾಗಿ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ. ವರ್ಷದ ಪ್ಯಾಕ್‌ಗಳೂ ಸಿಗುತ್ತವೆ. ಅಂಗಡಿಯವರು ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ಬೇರೆ ಯಾರೋ ಎತ್ತಿದರು

ಇಲ್ಲಿ ಹುಷಾರಾಗಿರಬೇಕು. ನಿಮ್ಮ ಕಾಲ್ ಬೇರೆ ನಂಬರಿಗೆ ಫಾರ್ವರ್ಡ್ ಆಗುತ್ತಿರಬಹುದು. ‘ಪಾರ್ಸೆಲ್ ಬಂದಿದೆ, ಈ ಕೋಡ್ ಒತ್ತಿ’ ಎಂದು ಹೇಳಿ, *21* ಅಥವಾ *401* ಆದಮೇಲೆ ತಮ್ಮ ನಂಬರನ್ನು ಡಯಲ್ ಮಾಡಿಸುವ ಮೋಸ ನಡೆಯುತ್ತಿದೆ. ಒತ್ತಿದರೆ ನಿಮಗೆ ಬರುವ ಕಾಲ್, ಅದರಲ್ಲಿ ಹೇಳುವ ಓಟಿಪಿ ಎಲ್ಲವೂ ಅವರಿಗೆ ಹೋಗುತ್ತವೆ. ಕಾಲ್ ಫಾರ್ವರ್ಡಿಂಗ್‌ನ *401# ಸೇವೆಯನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಲು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಸೂಚಿಸಿದ್ದು ಇದೇ ಕಾರಣಕ್ಕೆ.

ಫಾರ್ವರ್ಡ್ ಆಗಿದೆಯೇ ಎಂದು ತಿಳಿಯಲು *#21# ಡಯಲ್ ಮಾಡಿ. ನಿಮಗೆ ಗೊತ್ತಿಲ್ಲದ ನಂಬರ್ ಕಾಣಿಸಿದರೆ ತಕ್ಷಣ ##002# ಒತ್ತಿ, ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ಕೋಡ್ ಕೆಲಸ ಮಾಡದಿದ್ದರೆ ಫೋನ್ ಆ್ಯಪ್‌ನ ಕಾಲ್ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ಆಫ್ ಮಾಡಿ. ಪಕ್ಕದಲ್ಲೇ ಇರುವ ಕಾಲ್ ಬ್ಯಾರಿಂಗ್‌ನಲ್ಲಿ ಇನ್‌ಕಮಿಂಗ್ ತಡೆ ಹಾಕಿದೆಯೇ ಎಂದೂ ನೋಡಿ. *#62# ಒತ್ತಿದಾಗ ಕಾಣಿಸುವ ನಂಬರಿಗೆ ಮಾತ್ರ ಗಾಬರಿಯಾಗಬೇಡಿ. ನೀವು ಸಿಗದಿದ್ದಾಗ ಮಿಸ್ಡ್ ಕಾಲ್ ಮೆಸೇಜ್ ಕಳಿಸಲು ಕಂಪನಿಯೇ ಇಟ್ಟ ನಂಬರ್ ಅದಾಗಿರಬಹುದು.

ಇದಕ್ಕಿಂತ ಅಪಾಯದ್ದು ಇನ್ನೊಂದು. ಬೇರೆಯವರ ಫೋನ್‌ಗಳಲ್ಲಿ ಅದೇ ಕಂಪನಿಯ ಸಿಗ್ನಲ್ ಇದೆ, ನಿಮ್ಮದರಲ್ಲಿ ಮಾತ್ರ ಇದ್ದಕ್ಕಿದ್ದಂತೆ ‘ನೋ ಸರ್ವೀಸ್’. ಯಾರೋ ನಿಮ್ಮ ಹೆಸರಿನಲ್ಲಿ ನಿಮ್ಮದೇ ನಂಬರಿನ ಹೊಸ ಸಿಮ್ ತೆಗೆದುಕೊಂಡಿರಬಹುದು. ಇನ್ನೊಬ್ಬರ ಫೋನಿನಿಂದ ಕಂಪನಿಗೆ ಹೇಳಿ ನಂಬರ್ ನಿಲ್ಲಿಸಿ. ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ. ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನೂ ಗೊತ್ತಾಗಲಿಲ್ಲವೇ?

ಸಿಮ್ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ, ಮನೆಯ ಇನ್ನೊಂದು ಫೋನಿಗೆ ಹಾಕಿ ಕಾಲ್ ಮಾಡಿ ನೋಡಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ಖರ್ಚೂ ಇಲ್ಲ. ಅಲ್ಲಿ ಕಾಲ್ ಬಂದರೆ ತೊಂದರೆ ನಿಮ್ಮ ಫೋನಿನದು. ಆಗ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡಿ. ವೈಫೈ ಪಾಸ್‌ವರ್ಡ್, ಬ್ಲೂಟೂತ್ ಜೋಡಣೆ ಹೋಗುತ್ತವೆ, ಫೋಟೋ ಮತ್ತು ಕಾಂಟ್ಯಾಕ್ಟ್ಸ್ ಹೋಗುವುದಿಲ್ಲ. ಅಲ್ಲೂ ಬರದಿದ್ದರೆ ಸಿಮ್ ಅಥವಾ ಕಂಪನಿಯ ಕಡೆಯ ತೊಂದರೆ. ಇತ್ತೀಚೆಗೆ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿದ್ದು, ಒಂದು ಕಂಪನಿಯವರ ಕಾಲ್ ಬಂದು ಇನ್ನೊಂದರವರದು ಬರದಿದ್ದರೂ ಅಷ್ಟೇ, ಅದನ್ನು ನೀವು ಸರಿಮಾಡಲು ಆಗುವುದಿಲ್ಲ.

ನಿಮ್ಮ ಕಂಪನಿಯ ದೂರಿನ ನಂಬರ್ 198ಕ್ಕೆ ಫೋನ್ ಮಾಡಿ ದೂರು ಕೊಡಿ. ‘ಕಾಲ್ ಬರ್ತಿಲ್ಲ’ ಅಂದರೆ ಸಾಲದು. ಯಾವ ನಂಬರಿನಿಂದ, ಎಷ್ಟು ಗಂಟೆಗೆ, ಯಾವ ಊರಿನಲ್ಲಿದ್ದಾಗ, ಕಾಲ್ ಮಾಡಿದವರಿಗೆ ಏನು ಕೇಳಿಸಿತು, ಸಿಮ್ ಬೇರೆ ಫೋನಿಗೆ ಹಾಕಿದಾಗ ಏನಾಯಿತು ಎಂದು ಹೇಳಿ. ಇಷ್ಟು ಹೇಳಿದರೆ ‘ರೀಸ್ಟಾರ್ಟ್ ಮಾಡಿ ನೋಡಿ ಸಾರ್’ ಎಂಬ ಉತ್ತರಕ್ಕೆ ಜಾಗವಿರುವುದಿಲ್ಲ. ಅವರು ಕೊಡುವ ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಬರೆದಿಟ್ಟುಕೊಳ್ಳಿ. ದೂರು ಬಗೆಹರಿಯದಿದ್ದರೆ ಅದೇ ನಂಬರ್ ಹಿಡಿದು ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ.